ಇನ್ನೊಂದು ದಾರಿ ಕಾಣುವವರೆಗೆ

“ಇವನಿಗೆ ಸ್ವಲ್ಪ ಅಡ್ಜಸ್ಟ್ ಆಗೋದು ಕಲಿಸಿಕೊಡಿ, ಅಷ್ಟು ಸಾಕು.” ನ್ಯೂರೋಡೈವರ್ಜೆಂಟ್, ಅಂದರೆ ಮಿದುಳು ಹೆಚ್ಚಿನವರಿಗಿಂತ ಬೇರೆ ರೀತಿ ನಡೆಯುವ ಮಕ್ಕಳ ಜೊತೆ ಕೆಲಸ ಮಾಡುವ ನನ್ನಂಥವರ ಹತ್ತಿರ ಅಪ್ಪ ಅಮ್ಮಂದಿರು ಮತ್ತೆಮತ್ತೆ ಕೇಳುವುದು ಇದನ್ನೇ. ಓದು, ಬರಹ, ಸ್ನೇಹಿತರು ಎಲ್ಲ ಆಮೇಲೆ. ದಿನವೂ ಹೋಗುವ ರಸ್ತೆ ಮುಚ್ಚಿದ್ದರೆ ದಾರಿಯುದ್ದಕ್ಕೂ ಕಿರುಚುವ ಮಗು, ನೀಲಿ ಲೋಟ ಸಿಗದಿದ್ದರೆ ಬಾಯಾರಿದ್ದರೂ ನೀರು ಮುಟ್ಟದ ಮಗು, ಆಟದ ನಿಯಮವನ್ನು ಗೆಳೆಯ ಕೊಂಚ ಬದಲಿಸಿದ್ದಕ್ಕೆ ಕಾಯಿಗಳನ್ನೆಲ್ಲ ತಳ್ಳಿ ಎದ್ದುಹೋಗುವ ಮಗು. ಇಂಥ ಮಗುವಿನ ಮನೆಯವರು ನಾಳೆ ಏನು ಬದಲಾದೀತೋ ಎಂಬ ಎಚ್ಚರದಲ್ಲೇ ದಿನ ಕಳೆಯುತ್ತಾರೆ. ಅವರ ದಣಿವು ನಿಜವಾದದ್ದು. ಅದನ್ನು ಹಗುರಾಗಿ ಕಾಣುವ ಯಾವ ಸಲಹೆಯೂ ಅವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಆದರೆ ಆ ಕೋರಿಕೆಯೊಳಗೆ ಎರಡು ಬೇರೆಬೇರೆ ಆಸೆಗಳು ಬೆರೆತಿರುತ್ತವೆ. ನಾವು ಹೇಳಿದ್ದನ್ನು ಮಗು ಗಲಾಟೆ ಮಾಡದೆ ಕೇಳಬೇಕು ಎಂಬುದು ಒಂದು. ಅಂದುಕೊಂಡದ್ದು ಆಗದೆ ಹೋದಾಗ ಮಗು ಕುಸಿಯದೆ ಇನ್ನೊಂದು ದಾರಿ ಹುಡುಕಿಕೊಳ್ಳಬೇಕು ಎಂಬುದು ಮತ್ತೊಂದು. ಮೊದಲನೆಯದನ್ನು ಹೆದರಿಸಿಯೋ ಬಹುಮಾನದ ಆಸೆ ತೋರಿಸಿಯೋ ಬೇಗ ಪಡೆಯಬಹುದು, ಹೊರಗಿನಿಂದ ನೋಡುವವರಿಗೆ ಮಗು ಸುಧಾರಿಸಿದಂತೆಯೂ ಕಾಣುತ್ತದೆ. ಎರಡನೆಯದು ಹಾಗೆ ಬರುವುದಿಲ್ಲ. ನಾನು ಇಷ್ಟು ವರ್ಷ ಕಂಡಂತೆ, ಮೊದಲನೆಯದಕ್ಕೆ ಒತ್ತಾಯ ಹೆಚ್ಚಿದಷ್ಟೂ ಎರಡನೆಯದು ದೂರ ಸರಿಯುತ್ತದೆ. ಯಾಕೆಂದರೆ ಸೋತು ಸುಮ್ಮನಾದ ಮಗು ಕಲಿತದ್ದು ಬೇರೆ ದಾರಿ ಹುಡುಕುವುದನ್ನಲ್ಲ, ತನ್ನ ದಾರಿಗೆ ಇಲ್ಲಿ ಬೆಲೆಯಿಲ್ಲ ಎಂಬುದನ್ನು. ಮುಂದಿನ ಸಲ ಅದು ತನಗೆ ಉಳಿದ ಒಂದೆರಡು ಸಂಗತಿಗಳನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ.

1943ರಲ್ಲಿ ಅಮೆರಿಕದಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಲೋಕವನ್ನು ಗ್ರಹಿಸುವ, ಇತರರೊಡನೆ ಬೆರೆಯುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವ ಆಟಿಸಂ ಎಂಬ ಸ್ಥಿತಿಯ ಬಗೆಗಿನ ವೈದ್ಯಕೀಯ ಬರವಣಿಗೆಯಲ್ಲಿ ಅದು ಒಂದು ಮೈಲಿಗಲ್ಲು. ಎಲ್ಲವೂ ಇದ್ದಂತೆಯೇ ಇರಬೇಕು ಎಂಬ ಆ ಮಕ್ಕಳ ಹಂಬಲವನ್ನು ವಿವರಿಸುವಾಗ ಕ್ಯಾನರ್ ಅದರಲ್ಲಿ ಆತಂಕ ತುಂಬಿದೆ ಎಂಬುದನ್ನೂ ಬರೆದಿದ್ದರು. ಎಪ್ಪತ್ತು ವರ್ಷಗಳ ನಂತರ, 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಹೊರತಂದ ಡಿಎಸ್‌ಎಂ-5 ಎಂಬ ರೋಗನಿರ್ಣಯದ ಕೈಪಿಡಿಯ ಆಟಿಸಂ ಲಕ್ಷಣಗಳಲ್ಲೂ ಇದು ಉಳಿದಿದೆ: ಸಣ್ಣ ಬದಲಾವಣೆಗೂ ತೀವ್ರ ಸಂಕಟ, ಒಂದರಿಂದ ಇನ್ನೊಂದಕ್ಕೆ ಹೊರಳುವಾಗ ಕಷ್ಟ, ಅದೇ ದಾರಿ, ಅದೇ ಊಟ. ಆದರೆ ದಿನನಿತ್ಯದ ಮಾತಿನಲ್ಲಿ ನಾವು ಸಂಕಟವನ್ನು ಬಿಟ್ಟು ಪಟ್ಟನ್ನಷ್ಟೇ ಉಳಿಸಿಕೊಂಡಿದ್ದೇವೆ. ಹಟಮಾರಿ ಅನ್ನುತ್ತೇವೆ, ಮುದ್ದು ಮಾಡಿ ಕೆಡಿಸಿದ್ದಾರೆ ಅನ್ನುತ್ತೇವೆ. ಭಯವನ್ನು ಹಟವೆಂದು ಓದಿಕೊಂಡರೆ ಅದಕ್ಕೆ ನಾವು ಕೊಡುವ ಮದ್ದೂ ತಪ್ಪಾಗುತ್ತದೆ.

ಈ ಭಯ ಎಲ್ಲಿಂದ ಬರುತ್ತದೆ? ನಮ್ಮೆಲ್ಲರ ಮಿದುಳೂ ಮುಂದೇನಾಗುತ್ತದೆ ಎಂದು ಎಡೆಬಿಡದೆ ಊಹಿಸುತ್ತಿರುತ್ತದೆ. ಹಿಂದಿನ ಅನುಭವದ ಬಲದಿಂದ ಸಣ್ಣಪುಟ್ಟ ವ್ಯತ್ಯಾಸಗಳನ್ನು ತಳ್ಳಿಹಾಕುತ್ತದೆ. ಆಟಿಸಂ ಇರುವವರ ಗ್ರಹಿಕೆಯಲ್ಲಿ ಈ ಹಳೆಯ ಅನುಭವದ ಪ್ರಭಾವ ಕಡಿಮೆ ಇರಬಹುದು, ಹಾಗಾಗಿ ಅವರಿಗೆ ಲೋಕ ಹೆಚ್ಚು ಹಸಿಹಸಿಯಾಗಿ, ಸೋಸದೆ ಎದುರಾಗುತ್ತಿರಬಹುದು ಎಂದು ಸಂಶೋಧಕರಾದ ಲಿಜ್ ಪೆಲ್ಲಿಕಾನೋ ಮತ್ತು ಡೇವಿಡ್ ಬರ್ 2012ರಲ್ಲಿ ಒಂದು ವಾದ ಮಂಡಿಸಿದರು. ಅದು ಊಹೆಯೇ, ಎಲ್ಲರೂ ಒಪ್ಪಿದ್ದಲ್ಲ. ಆದರೂ ನನಗೆ ಮಕ್ಕಳನ್ನು ನೋಡುವ ಒಂದು ಕಣ್ಣು ಅದರಿಂದ ಸಿಕ್ಕಿತು. ಪ್ರತಿ ಬೆಳಗೂ ಹೊಸದಾಗಿ ಎರಗುವಾಗ, ಅದೇ ಲೋಟ, ಅದೇ ಕುರ್ಚಿ, ಅದೇ ಕ್ರಮ ಎನ್ನುವುದು ಮಗು ತನಗೆ ತಾನೇ ಕಟ್ಟಿಕೊಂಡ ಆಸರೆ. ಅನಿಶ್ಚಿತತೆಯನ್ನು ತಾಳಿಕೊಳ್ಳಲಾಗದಿರುವುದಕ್ಕೂ ಆಟಿಸಂ ಇರುವ ಮಕ್ಕಳ ಆತಂಕಕ್ಕೂ ಗಟ್ಟಿಯಾದ ನಂಟಿದೆ ಎಂಬುದನ್ನು ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಜಾಕಿ ರಾಜರ್ಸ್, ಮಾರ್ಕ್ ಫ್ರೀಸ್ಟನ್ ಮತ್ತು ಅವರ ಜೊತೆಗಾರರು ಅಧ್ಯಯನ ಮಾಡಿ ತೋರಿಸಿದ್ದಾರೆ.

ಇನ್ನೊಂದು ಕಾರಣ ಗಮನಕ್ಕೆ ಸಂಬಂಧಿಸಿದ್ದು. ಡೈನಾ ಮರ್ರೆ, ಮೈಕ್ ಲೆಸ್ಸರ್, ವೆನ್ ಲಾಸನ್ 2005ರಲ್ಲಿ ಬರೆದ ಲೇಖನವೊಂದರಲ್ಲಿ, ಆಟಿಸಂ ಇರುವವರ ಗಮನ ಹಲವು ಕಡೆ ತೆಳುವಾಗಿ ಹರಡದೆ ಕೆಲವೇ ಕಡೆ ಆಳವಾಗಿ ಇಳಿಯುತ್ತದೆ ಎಂದರು. ಅಷ್ಟು ಆಳದಲ್ಲಿರುವ ಮಗುವನ್ನು ‘ಸಾಕು, ಬಾ’ ಎಂದು ಒಂದೇ ಮಾತಿಗೆ ಎಬ್ಬಿಸಿದರೆ ಅದಕ್ಕೆ ನೋವಾಗುತ್ತದೆ. ಎಡಿಎಚ್‌ಡಿ (ಗಮನ ನಿಲ್ಲಿಸಲು, ತನ್ನನ್ನು ತಡೆದುಕೊಳ್ಳಲು ಕಷ್ಟವಾಗುವ ಸ್ಥಿತಿ) ಇರುವ ಮಗುವೂ ಹೀಗೇ ಸಿಕ್ಕಿಹಾಕಿಕೊಳ್ಳಬಹುದು, ಕಾರಣ ಬೇರೆ. ಹಿಡಿದ ಕೆಲಸ ನಿಲ್ಲಿಸಲು ಬೇಕಾದ ಬ್ರೇಕು ತಡವಾಗಿ ಬೀಳುತ್ತದೆ, ಹೊಸ ಯೋಜನೆ ತಲೆಯಲ್ಲಿ ನಿಲ್ಲುವ ಮೊದಲೇ ಜಾರಿಹೋಗುತ್ತದೆ. ಒಸಿಡಿ, ಅಂದರೆ ಗೀಳಿನ ಕಾಯಿಲೆ, ಮತ್ತೂ ಬೇರೆ. ಅಲ್ಲಿ ಮಾಡಿದ್ದನ್ನೇ ಮಾಡುವ ಕ್ರಿಯೆ ಸಾಮಾನ್ಯವಾಗಿ ಮಗುವಿಗೇ ಬೇಡವಾದ ಹಿಂಸೆ, ಅದಕ್ಕೆ ಬೇರೆಯದೇ ಚಿಕಿತ್ಸೆ ಬೇಕು. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ ಎಂಬುದೇ ತೊಡಕು.

ಹಾಗಾಗಿ ನಾನು ಮಗುವಿಗೆ ಏನನ್ನಾದರೂ ಕಲಿಸುವ ಮೊದಲು ಕಾರಣ ಹುಡುಕುತ್ತೇನೆ. ಒಂದು ತರಗತಿಯಲ್ಲಿ ಕೂರುವ ಜಾಗ ಬದಲಿಸಿದಾಗ ಒಬ್ಬ ಹುಡುಗಿ ಹೊಸ ಜಾಗಕ್ಕೆ ಹೋಗಲೇ ಇಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತಳು. ಬೈದರೂ ನಿಂತಳು, ಪುಸಲಾಯಿಸಿದರೂ ನಿಂತಳು. ಅವಳಿಗೆ ಮಾತು ಕಡಿಮೆ. ಅವಳ ಜೊತೆ ತರಗತಿಯ ಚಿತ್ರ ಬರೆದು, ಯಾವ ಯಾವ ಕುರ್ಚಿ ಪರವಾಗಿಲ್ಲ ಎಂದು ಬಣ್ಣ ಹಚ್ಚಲು ಹೇಳಿದೆವು. ಅವಳು ಬಣ್ಣ ಹಚ್ಚಿದ ಕುರ್ಚಿಗಳೆಲ್ಲ ಬಾಗಿಲು ಕಾಣುವ ಕಡೆ ಇದ್ದವು. ಯಾರು ಒಳಗೆ ಬರುತ್ತಾರೆ ಎಂದು ಕಾಣದಿದ್ದರೆ ಅವಳಿಗೆ ಪಾಠ ಕಿವಿಗೆ ಬೀಳುತ್ತಿರಲಿಲ್ಲ. ಅವಳು ಒಂದು ಕುರ್ಚಿಗೆ ಅಂಟಿಕೊಂಡಿದ್ದಾಳೆ ಎಂದು ಎಲ್ಲರೂ ತಿಳಿದಿದ್ದರು, ಅವಳಿಗೆ ಒಪ್ಪಿಗೆಯಾಗುವ ಕುರ್ಚಿಗಳು ಅಷ್ಟೊಂದಿದ್ದವು! ಕಾರಣ ಕೇಳದೆ ಇದ್ದಿದ್ದರೆ ಅವಳ ಫೈಲಿನಲ್ಲಿ ‘ಹೊಂದಿಕೊಳ್ಳುವುದಿಲ್ಲ’ ಎಂಬ ಮಾತು ಉಳಿದುಬಿಡುತ್ತಿತ್ತು.

ಒಂದರಿಂದ ಇನ್ನೊಂದಕ್ಕೆ ಹೊರಳುವ ಶಕ್ತಿಯನ್ನು ಅಳೆಯಲು ಮನೋವಿಜ್ಞಾನಿಗಳು ಇಸ್ಪೀಟಿನಂಥ ಕಾರ್ಡುಗಳನ್ನು ಬಳಸುತ್ತಾರೆ. 1948ರಲ್ಲಿ ಡೇವಿಡ್ ಗ್ರಾಂಟ್ ಮತ್ತು ಎಸ್ತಾ ಬರ್ಗ್ ರೂಪಿಸಿದ ವಿಸ್ಕಾನ್ಸಿನ್ ಕಾರ್ಡ್ ಸಾರ್ಟಿಂಗ್ ಪರೀಕ್ಷೆ ಇವುಗಳಲ್ಲಿ ಹಳೆಯದು. ಕಾರ್ಡುಗಳ ಮೇಲೆ ಬೇರೆಬೇರೆ ಬಣ್ಣ, ಆಕಾರ, ಸಂಖ್ಯೆ. ಯಾವುದರ ಪ್ರಕಾರ ವಿಂಗಡಿಸಬೇಕು ಎಂದು ಹೇಳುವುದಿಲ್ಲ, ಸರಿಯೋ ತಪ್ಪೋ ಎಂದಷ್ಟೇ ಹೇಳುತ್ತಾರೆ. ಎದುರಿಗಿರುವವರು ನಿಯಮ ಕಂಡುಹಿಡಿದ ಮೇಲೆ ಸದ್ದಿಲ್ಲದೆ ಅದನ್ನು ಬದಲಿಸುತ್ತಾರೆ. ಹಳೆಯ ನಿಯಮವನ್ನೇ ಎಷ್ಟು ಹೊತ್ತು ಹಿಡಿದಿರುತ್ತಾರೆ ಎಂಬುದು ಲೆಕ್ಕ. ಫಿಲಿಪ್ ಝೆಲಾಝೊ ಮತ್ತು ಸಂಗಡಿಗರು ಪುಟ್ಟ ಮಕ್ಕಳಿಗಾಗಿ ಸರಳವಾದ ಆಟವೊಂದನ್ನು ಮಾಡಿದರು. ಮೊದಲು ಬಣ್ಣದ ಪ್ರಕಾರ ಹಾಕು, ಈಗ ಆಕಾರದ ಪ್ರಕಾರ ಹಾಕು, ಅಷ್ಟೇ. ಮೂರು ವರ್ಷದ ಹೆಚ್ಚಿನ ಮಕ್ಕಳು ಹೊಸ ನಿಯಮವೇನೆಂದು ಕೇಳಿದರೆ ಸರಿಯಾಗಿ ಹೇಳುತ್ತಾರೆ, ಕೈ ಮಾತ್ರ ಹಳೆಯ ನಿಯಮದಂತೆಯೇ ಕಾರ್ಡು ಹಾಕುತ್ತದೆ. ಐದರ ಹೊತ್ತಿಗೆ ಹೆಚ್ಚಿನವರಿಗೆ ಹೊರಳಲು ಬರುತ್ತದೆ.

ಬಾಯಿ ಹೊಸದನ್ನು ಹೇಳುತ್ತದೆ, ಕೈ ಹಳೆಯದನ್ನು ಮಾಡುತ್ತದೆ. ‘ಗೊತ್ತಿದ್ದೂ ಹೀಗೆ ಮಾಡ್ತಾಳೆ’ ಎಂದು ದೂರುವ ಪ್ರತಿಯೊಬ್ಬ ಶಿಕ್ಷಕರಿಗೂ ನಾನು ಈ ಪ್ರಯೋಗದ ಬಗ್ಗೆ ಹೇಳುತ್ತೇನೆ. ಗೊತ್ತಿರುವುದು ಒಂದು ಸಾಮರ್ಥ್ಯ, ಹೊರಳುವುದು ಮತ್ತೊಂದು. ಎಲ್ಲ ಮಕ್ಕಳಲ್ಲೂ ಇವೆರಡರ ನಡುವೆ ಒಂದು ಕಾಲದಲ್ಲಿ ಅಂತರವಿರುತ್ತದೆ. ಕೆಲವು ಮಕ್ಕಳಲ್ಲಿ ಆ ಅಂತರ ಹೆಚ್ಚು ಕಾಲ ಉಳಿಯುತ್ತದೆ, ಭಾಷಣದಿಂದ ಅದು ತುಂಬುವುದಿಲ್ಲ.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ ಮಾತು 2009ರದ್ದು. ಹಿಲ್ಡೆ ಗರ್ಟ್ಸ್, ಬ್ಲೈತ್ ಕಾರ್ಬೆಟ್, ಮಾರ್ಜರಿ ಸೊಲೊಮನ್ ಆವರೆಗಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ ಒಂದು ವಿರೋಧಾಭಾಸವನ್ನು ಎತ್ತಿ ತೋರಿಸಿದರು. ಆಟಿಸಂ ಇರುವವರ ದಿನನಿತ್ಯದ ಬದುಕಿನಲ್ಲಿ ಬಿಗಿತ ಎದ್ದು ಕಾಣುತ್ತದೆ, ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಅದೇ ಬಿಗಿತ ಒಂದೇ ಸಮನಾಗಿ ಕಾಣಿಸಿಕೊಳ್ಳುವುದಿಲ್ಲ. ಇದಕ್ಕೆ ವಿದ್ವಾಂಸರು ಹಲವು ವಿವರಣೆ ಕೊಡುತ್ತಾರೆ. ನನಗೆ ತೋಚುವುದು ಇಷ್ಟು: ಪರೀಕ್ಷೆಯ ಕೋಣೆಯಲ್ಲಿ ಸದ್ದಿಲ್ಲ, ಎದುರಿಗೆ ಒಬ್ಬರೇ ಇದ್ದಾರೆ, ಮಾಡಬೇಕಾದ ಕೆಲಸ ಒಂದೇ, ತಪ್ಪಿದರೆ ನಗುವವರಿಲ್ಲ. ಅಂಥ ಕಡೆ ಹೊರಳಬಲ್ಲ ಮಗು ಗದ್ದಲದ ತರಗತಿಯಲ್ಲಿ ಹೊರಳಲಾರದು. ಅಂದರೆ ಹೊಂದಿಕೊಳ್ಳುವ ಶಕ್ತಿ ಮಗುವಿನೊಳಗೆ ಇಷ್ಟೇ ಎಂದು ಅಳತೆ ಮಾಡಿ ಇಟ್ಟದ್ದಲ್ಲ. ನಿದ್ದೆ, ಹಸಿವು, ಸದ್ದು, ಬೆಳಕು, ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಅದು ಏರುತ್ತದೆ, ಇಳಿಯುತ್ತದೆ. ಈ ಏರಿಳಿತದ ಅರ್ಧ ಭಾಗ ದೊಡ್ಡವರ ಕೈಯಲ್ಲಿದೆ.

ಆದ್ದರಿಂದ ನಾನು ಶುರು ಮಾಡುವುದು ಬದಲಾವಣೆಯಿಂದಲ್ಲ, ನಿಶ್ಚಿತತೆಯಿಂದ. ದಿನದಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಚಿತ್ರಗಳಲ್ಲೋ ಅಕ್ಷರಗಳಲ್ಲೋ ಸಾಲಾಗಿ ಗೋಡೆಯ ಮೇಲೆ ಹಾಕುವುದು. 1972ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಎರಿಕ್ ಶಾಪ್ಲರ್ ನೇತೃತ್ವದಲ್ಲಿ ನೆಲೆಯೂರಿದ, ಆಟಿಸಂ ಇರುವವರಿಗಾಗಿನ ಟೀಚ್ (TEACCH) ಕಾರ್ಯಕ್ರಮ ಈ ದೃಶ್ಯ ವೇಳಾಪಟ್ಟಿಗಳನ್ನು ಜಗತ್ತಿನ ಹಲವೆಡೆಗೆ ಮುಟ್ಟಿಸಿತು. ಪಟ್ಟಿ ಹಾಕೋಣ ಎಂದೊಡನೆ ಪೋಷಕರು ಕೇಳುವ ಪ್ರಶ್ನೆ ನನಗೆ ಬಾಯಿಪಾಠ: ಮೊದಲೇ ಒಂದಕ್ಕೆ ಅಂಟಿಕೊಳ್ಳುವ ಮಗುವಿಗೆ ಟೈಮ್‌ಟೇಬಲ್ ಕೊಟ್ಟರೆ ಇನ್ನಷ್ಟು ಅಂಟಿಕೊಳ್ಳುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಪಟ್ಟಿಯನ್ನು ಕಲ್ಲಿನ ಮೇಲೆ ಕೆತ್ತಿದಂತೆ ಬಳಸಿದರೆ ಹಾಗೂ ಆಗುತ್ತದೆ. ಆದರೆ ಪಟ್ಟಿಯ ನಿಜವಾದ ಉಪಯೋಗ ಬೇರೆ. ಬದಲಾವಣೆಯನ್ನು ಅದು ನಡೆಯುವ ಮೊದಲೇ ಕಣ್ಣಿಗೆ ಕಾಣುವಂತೆ ಮಾಡಲು ಒಂದು ಜಾಗ ಬೇಕು, ಪಟ್ಟಿ ಆ ಜಾಗ. ಈಜು ಕಲಿಯುವ ಮಗುವಿಗೆ ಮೊದಲು ಕೊಳದ ಗೋಡೆ ಹಿಡಿಯಲು ಬಿಡುತ್ತೇವಲ್ಲ, ಕೈ ಬಿಡುವ ಧೈರ್ಯ ಬರುವುದು ಗೋಡೆ ಅಲ್ಲೇ ಇದೆ ಎಂದು ಗೊತ್ತಿದ್ದಾಗ.

ಪಟ್ಟಿ ರೂಢಿಯಾದ ಮೇಲೆ ಅದಕ್ಕೆ ‘ಬದಲಾಗಿದೆ’ ಎಂದು ತೋರಿಸುವ ಒಂದು ಗುರುತಿನ ಕಾರ್ಡು ಸೇರಿಸುತ್ತೇವೆ. ಮೊದಲು ಮಗುವಿಗೆ ಖುಷಿ ಕೊಡುವ ಬದಲಾವಣೆಗಳನ್ನೇ ಆರಿಸಬೇಕು. ಬರವಣಿಗೆಯ ಬದಲು ಇವತ್ತು ಉಯ್ಯಾಲೆ. ಆ ಕಾರ್ಡನ್ನು ಮಗುವೇ ತನ್ನ ಕೈಯಾರೆ ತೆಗೆದು ಅಂಟಿಸಬೇಕು. ಹೀಗೆ ಕೆಲವು ವಾರ ನಡೆದು, ಆ ಗುರುತು ಕಂಡಾಗ ಮೈ ಬಿಗಿಯಾಗದ ಹಂತ ಬಂದ ಮೇಲೆ, ಒಳ್ಳೆಯದೂ ಅಲ್ಲದ ಕೆಟ್ಟದ್ದೂ ಅಲ್ಲದ ಬದಲಾವಣೆ. ಚಿತ್ರಕಲೆ ಮೊದಲು, ಗಣಿತ ಆಮೇಲೆ. ಕೊಂಚ ನಿರಾಸೆ ತರುವಂಥದ್ದು ಅದಕ್ಕೂ ಆಮೇಲೆ. ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆಯ ಕಾರ್ಡು: ಇಲ್ಲಿ ಏನೋ ಇದೆ, ಏನೆಂದು ಈಗಲೇ ಹೇಳುವುದಿಲ್ಲ. ಅಲ್ಲಿಗೆ ಎಲ್ಲ ಮಕ್ಕಳೂ ತಲುಪಬೇಕೆಂದಿಲ್ಲ. ತಲುಪಿದವರು ತೀರಾ ಬಿಗಿ ಎಂದು ಹೆಸರಾಗಿದ್ದವರಲ್ಲೂ ಇದ್ದಾರೆ.

ಇದರ ವಿರುದ್ಧ ದಿಕ್ಕಿನ ಒಂದು ವಿಧಾನವೂ ಚಾಲ್ತಿಯಲ್ಲಿದೆ. ಮಗು ಗಟ್ಟಿಯಾಗಲಿ ಎಂದು ಬೇಕಂತಲೇ ದಿನಚರಿ ಕೆಡಿಸುವುದು, ಇಷ್ಟದ ವಸ್ತುವನ್ನು ಬಚ್ಚಿಡುವುದು, ಅಳು ನಿಲ್ಲುವವರೆಗೆ ಕಾಯುವುದು. ಇದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಅಳು ನಿಂತದ್ದನ್ನು ಕಲಿಕೆ ಎಂದು ಲೆಕ್ಕ ಹಾಕುವವರು, ಮಗು ಆ ಬಳಿಕ ಅವರನ್ನು ನಂಬುತ್ತದೆಯೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ನಂಬಿಕೆ ಹೋದಲ್ಲಿ ಮುಂದಿನ ಬದಲಾವಣೆಯನ್ನು ಯಾರ ಕೈ ಹಿಡಿದು ದಾಟಬೇಕು ಅದು?

ಮಾತು ಬೆಳೆದ ಮಕ್ಕಳಿಗೆ ಇದರ ಜೊತೆಗೆ ಒಂದು ಪುಟ್ಟ ಶಬ್ದಕೋಶ ಬೇಕು. ಲಾರೆನ್ ಕೆನ್‌ವರ್ದಿ ಮತ್ತು ಸಂಗಡಿಗರು ಅಮೆರಿಕದ ಶಾಲೆಗಳಲ್ಲಿ ಆಟಿಸಂ ಇರುವ ಮೂರರಿಂದ ಐದನೇ ತರಗತಿಯ ಮಕ್ಕಳಿಗೆ ಹೊಂದಿಕೊಳ್ಳುವ ಯೋಚನೆಯನ್ನೇ ಪಾಠವಾಗಿ ಕಲಿಸಿ, ಅದರ ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. ಇನ್ನೊಂದು ಗುಂಪಿಗೆ ಸಾಮಾಜಿಕ ಕೌಶಲಗಳ ತರಬೇತಿ ಕೊಟ್ಟು ಹೋಲಿಸಿ ನೋಡಿದರು. ಸಮಸ್ಯೆ ಬಿಡಿಸುವುದರಲ್ಲಿ, ಯೋಜನೆ ಹಾಕುವುದರಲ್ಲಿ, ಬದಲಾವಣೆಗೆ ಹೊಂದಿಕೊಳ್ಳುವುದರಲ್ಲಿ ಮೊದಲ ಗುಂಪು ಮುಂದಿತ್ತು. ಸಾಮಾಜಿಕ ಕೌಶಲದಲ್ಲಿ ಎರಡೂ ಗುಂಪುಗಳು ಸುಧಾರಿಸಿದ್ದವು. ಆ ಪಾಠಗಳ ಜೀವಾಳ ತುಂಬಾ ಸರಳ. ಪ್ಲಾನ್ ಎ, ಪ್ಲಾನ್ ಬಿ. ನಾನೀಗ ಸಿಕ್ಕಿಹಾಕಿಕೊಂಡಿದ್ದೇನೆ. ಇದು ದೊಡ್ಡ ವಿಷಯವೋ ಸಣ್ಣ ವಿಷಯವೋ? ಇಬ್ಬರಿಗೂ ಸ್ವಲ್ಪ ಸ್ವಲ್ಪ ಸಿಗುವಂತೆ ಏನು ಮಾಡಬಹುದು? ಇವೇ ಮಾತುಗಳು ಶಾಲೆಯಲ್ಲೂ ಮನೆಯಲ್ಲೂ ಮತ್ತೆಮತ್ತೆ ಕೇಳಿಬರಬೇಕು.

ಎಷ್ಟೋ ಮನೆಗಳಲ್ಲಿ ಈ ಮಾತುಗಳು ಬೇಗ ಆಯುಧವಾಗುವುದನ್ನೂ ಕಂಡಿದ್ದೇನೆ. ಅಳುತ್ತಿರುವ ಮಗುವಿಗೆ ‘ಇದು ಸಣ್ಣ ವಿಷಯ’ ಎಂದು ಹೇಳುವುದು ಪಾಠವಲ್ಲ, ಬಾಯಿ ಮುಚ್ಚಿಸುವುದು. ದೊಡ್ಡದೋ ಸಣ್ಣದೋ ಎಂದು ತೂಗುವ ಹಕ್ಕು ಮಗುವಿನದ್ದು. ‘ನನಗೆ ಇದು ದೊಡ್ಡದು’ ಎಂದರೆ ದೊಡ್ಡದೇ. ಆ ಮಾತುಗಳನ್ನು ದೊಡ್ಡವರು ಮೊದಲು ತಮ್ಮ ಮೇಲೆ ಬಳಸಬೇಕು, ಮಗುವಿನ ಕಿವಿಗೆ ಬೀಳುವಂತೆ. “ಅಯ್ಯೋ, ಪೆನ್ನು ನಿಂತುಹೋಯ್ತು. ನನಗೆ ಸಿಟ್ಟು ಬರ್ತಿದೆ. ಪ್ಲಾನ್ ಬಿ ಏನು? ಪೆನ್ಸಿಲಲ್ಲಿ ಬರೀತೀನಿ.” ನಮ್ಮ ತಲೆಯೊಳಗೆ ಸದ್ದಿಲ್ಲದೆ ನಡೆದುಹೋಗುವ ಹೊರಳುವಿಕೆ ಮಗುವಿಗೆ ಕಾಣುವುದಿಲ್ಲ. ಅದನ್ನು ಜೋರಾಗಿ ಆಡಿ ತೋರಿಸಿದಾಗಲೇ ಅದಕ್ಕೊಂದು ಆಕಾರ ಬರುತ್ತದೆ. ಸಿಟ್ಟು ಬಂತು ಎಂಬ ಭಾಗವನ್ನು ಬಿಡಬಾರದು, ದೊಡ್ಡವರು ಸಿಟ್ಟೇ ಬಾರದೆ ಹೊರಳುತ್ತಾರೆ ಎಂದು ಮಗು ತಿಳಿಯುವುದು ಬೇಡ.

ರೈಲು ಎಂದರೆ ಪ್ರಾಣ ಬಿಡುವ ಹುಡುಗನೊಬ್ಬನಿಂದ ನಾನು ಈ ವಿಷಯದಲ್ಲಿ ಕಲಿತದ್ದು ಯಾವ ತರಬೇತಿಯಲ್ಲೂ ಸಿಕ್ಕಿರಲಿಲ್ಲ. ಗಾಡಿ ನಂಬರು, ನಿಲ್ದಾಣಗಳ ಅನುಕ್ರಮ, ಹೊರಡುವ ಹೊತ್ತು ಎಲ್ಲ ಅವನ ನಾಲಗೆಯ ತುದಿಯಲ್ಲಿ. ಅವನ ಈ ಆಸಕ್ತಿಯೇ ಅವನನ್ನು ಬಿಗಿಯಾಗಿಸಿದೆ, ಅದನ್ನು ಕಡಿಮೆ ಮಾಡಬೇಕು ಎಂಬುದು ಸುತ್ತಲಿನವರ ಅಭಿಪ್ರಾಯವಾಗಿತ್ತು. ಆದರೆ ರೈಲುಗಳನ್ನು ಅಷ್ಟು ಬಲ್ಲವನಿಗೆ ರೈಲುಗಳು ತಡವಾಗುತ್ತವೆ, ರದ್ದಾಗುತ್ತವೆ, ಬೇರೆ ಮಾರ್ಗದಲ್ಲಿ ಓಡುತ್ತವೆ ಎಂಬುದೂ ಗೊತ್ತಿತ್ತು. ಅಲ್ಲಿ ಅವನಿಗೆ ಅಳು ಬರುತ್ತಿರಲಿಲ್ಲ, ಕುತೂಹಲ ಹುಟ್ಟುತ್ತಿತ್ತು. ಹಾಗಾಗಿ ಅವನ ದಿನವನ್ನೇ ಒಂದು ರೈಲು ಮಾರ್ಗವಾಗಿ ಬರೆದೆವು. ಏಳುವುದು ಒಂದು ನಿಲ್ದಾಣ, ಸ್ನಾನ ಒಂದು, ಶಾಲೆ ದೊಡ್ಡ ಜಂಕ್ಷನ್.

ಒಂದು ದಿನ ಸಂಜೆಯ ತಿರುಗಾಟ ತಪ್ಪುವುದಿತ್ತು. ಹಾಳೆಯ ಮೇಲೆ ಆ ನಿಲ್ದಾಣವನ್ನು ಬಿಟ್ಟು ಸುತ್ತಿಕೊಂಡು ಹೋಗುವ ಗೆರೆ ಎಳೆದು, ಇವತ್ತು ಡೈವರ್ಷನ್ ಎಂದೆ. ಅವನು ಹಾಳೆಯನ್ನೇ ನೋಡುತ್ತ ಕೇಳಿದ:

“ಮಿಸ್, ಮೇನ್ ಲೈನಿಗೆ ವಾಪಸ್ ಎಲ್ಲಿ ಸೇರುತ್ತೆ?”

ಊಟದ ನಿಲ್ದಾಣದಲ್ಲಿ ಸೇರುತ್ತೆ ಎಂದೆ. ಅವನೇ ಪೆನ್ಸಿಲ್ ತೆಗೆದುಕೊಂಡು ಗೆರೆಯನ್ನು ಅಲ್ಲಿಗೆ ಸೇರಿಸಿದ. ಅವತ್ತು ಅಳಲಿಲ್ಲ.

ಆ ಪ್ರಶ್ನೆಯನ್ನು ನಾನು ಬಹಳ ದಿನ ಯೋಚಿಸಿದೆ. ಬದಲಾವಣೆ ಬಂದಾಗ ನಾವು ಮಗುವಿಗೆ ಹೇಳುವುದು ಏನು ತಪ್ಪಿತು ಎಂಬುದನ್ನು, ಹೆಚ್ಚೆಂದರೆ ಅದರ ಬದಲು ಏನು ಎಂಬುದನ್ನು. ಗೊತ್ತಿರುವ ದಾರಿಗೆ ಮತ್ತೆ ಯಾವಾಗ ಬಂದು ಸೇರುತ್ತೇವೆ ಎಂಬುದನ್ನು ಹೇಳುವುದಿಲ್ಲ, ಅದು ನಮಗೆ ಹೇಳಲೇಬೇಕಿಲ್ಲದಷ್ಟು ಸಹಜವಾಗಿ ಕಾಣುತ್ತದೆ. ಆ ಹುಡುಗನಿಗೆ ಒಂದು ತಿರುಗಾಟ ತಪ್ಪಿದರೆ ಅದರ ನಂತರದ ಇಡೀ ದಿನ ಹಳಿ ಇಲ್ಲದ ಬಯಲಾಗುತ್ತಿತ್ತು. ಅವನ ಅಳು ತಿರುಗಾಟಕ್ಕಾಗಿ ಇರಲಿಲ್ಲ. ಅಂದಿನಿಂದ ಯಾವ ಮಗುವಿಗೆ ಯಾವ ಬದಲಾವಣೆ ಹೇಳಿದರೂ ಮೂರನೆಯ ಆ ಮಾತನ್ನು ಸೇರಿಸುತ್ತೇನೆ. ಇವತ್ತು ಅತ್ತೆ ಬರಲ್ಲ, ಬದಲಿಗೆ ಫೋನಿನಲ್ಲಿ ಮಾತಾಡೋಣ, ಆಮೇಲೆ ಎಂದಿನಂತೆ ಕತೆ ಓದಿ ಮಲಗೋದು. ರೈಲು ಗೊತ್ತಿಲ್ಲದ ಮಕ್ಕಳಿಗೂ ಇದು ಆಗಿಬರುತ್ತದೆ. ಆಸಕ್ತಿಯ ವಿಷಯ ಯಾವುದೇ ಇರಲಿ, ಡೈನೋಸಾರೋ ಗ್ರಹಗಳೋ ಲಿಫ್ಟುಗಳೋ, ಮಗು ಅದರೊಳಗೆ ಆಗಲೇ ಸಲೀಸಾಗಿ ಹೊರಳಾಡುತ್ತಿರುತ್ತದೆ. ಕಲಿಸಲು ಅದಕ್ಕಿಂತ ಒಳ್ಳೆಯ ನೆಲವಿಲ್ಲ.

ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವ ಹೊತ್ತಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ‘ಇನ್ನೆರಡು ನಿಮಿಷ ಅಷ್ಟೇ’ ಎಂಬ ಎಚ್ಚರಿಕೆ ಎಲ್ಲೆಡೆ ಕೊಡುವ ಸಲಹೆ. ಅಲೆಕ್ಸಿಸ್ ಹಿನಿಕರ್ ಮತ್ತು ಸಂಗಡಿಗರು 2016ರಲ್ಲಿ ಪುಟ್ಟ ಮಕ್ಕಳು ಪರದೆಯ ಮುಂದಿನಿಂದ ಏಳುವ ಕ್ಷಣವನ್ನು ಅಭ್ಯಸಿಸಿದಾಗ, ಎರಡು ನಿಮಿಷದ ಎಚ್ಚರಿಕೆ ಕೊಟ್ಟಲ್ಲಿ ರಗಳೆ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಪರದೆ ಬಿಟ್ಟು ಏಳುವುದು ದಿನಚರಿಯ ಭಾಗವಾಗಿದ್ದಾಗ, ಅಥವಾ ನೋಡುತ್ತಿದ್ದದ್ದು ತಾನಾಗಿ ಮುಗಿದಾಗ ಮಕ್ಕಳು ಸುಲಭವಾಗಿ ಎದ್ದರು. ಅವರು ನೋಡಿದ್ದು ಸಾಮಾನ್ಯವಾಗಿ ಎಲ್ಲ ಪುಟ್ಟ ಮಕ್ಕಳನ್ನು, ನ್ಯೂರೋಡೈವರ್ಜೆಂಟ್ ಮಕ್ಕಳನ್ನೇ ಅಲ್ಲ. ಆದರೂ ನನ್ನ ಅನುಭವಕ್ಕೆ ಇದು ಹತ್ತಿರವಾಗಿದೆ. ಗಡಿಯಾರದ ನಿಮಿಷ ಎಡಿಎಚ್‌ಡಿ ಇರುವ ಮಗುವಿಗೆ ಏನೂ ಹೇಳುವುದಿಲ್ಲ. ‘ಎಲ್ಲಿಗೆ ನಿಲ್ಲಿಸಿದರೆ ನಿನಗೆ ಸರಿ?’ ಎಂದು ಕೇಳಿದರೆ ‘ಈ ಗೋಪುರ ಕಟ್ಟಿದ ಮೇಲೆ’ ಎನ್ನುತ್ತದೆ. ಕಟ್ಟಿದ್ದು ನಾಳೆಗೂ ಹಾಗೇ ಇರುತ್ತದೆ ಎಂಬ ಭರವಸೆ ಕೊಟ್ಟು, ಕೊಟ್ಟಂತೆ ನಡೆದುಕೊಂಡರೆ ಏಳುವುದು ಇನ್ನೂ ಸುಲಭ.

ಮಗು ಆಗಲೇ ಕುಸಿದು ಚೀರುತ್ತಿದ್ದರೆ ಇದ್ಯಾವುದೂ ಬೇಡ. ಆಗ ಪಾಠವಿಲ್ಲ, ಪ್ರಶ್ನೆಯಿಲ್ಲ, ಪ್ಲಾನ್ ಬಿ ಇಲ್ಲ. ಸದ್ದು ತಗ್ಗಿಸಿ, ಜನರನ್ನು ದೂರ ಕಳಿಸಿ, ಪೆಟ್ಟಾಗದಂತೆ ನೋಡಿಕೊಂಡು ಹತ್ತಿರ ಇರುವುದಷ್ಟೇ.

ಯಾವುದನ್ನು ಬದಲಿಸಲೇಬೇಕಿಲ್ಲ ಎಂದು ತೀರ್ಮಾನಿಸುವುದು ಕಲಿಸುವುದಕ್ಕಿಂತ ಕಷ್ಟ. ಒಂದೇ ಬಗೆಯ ಮೆತ್ತನೆಯ ಬಟ್ಟೆ, ಮಲಗುವ ಮುಂಚೆ ಅದೇ ಕತೆ, ಖುಷಿಯಾದಾಗ ಕೈ ಬಡಿಯುವುದು. ಯಾರಿಗೆ ಇವುಗಳಿಂದ ತೊಂದರೆ? ಮಗುವಿನ ಆರೋಗ್ಯಕ್ಕೆ, ಕಲಿಕೆಗೆ, ಅದು ತಾನೇ ಬಯಸುವ ಯಾವುದಕ್ಕಾದರೂ ಅಡ್ಡಿಯಾಗುತ್ತಿದ್ದರೆ ಕೈ ಹಾಕೋಣ. ನೋಡುವವರ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ ಎಂಬುದು ಕಾರಣವಾಗಬಾರದು. ಆಟಿಸಂ ಇರುವ ಎಷ್ಟೋ ವಯಸ್ಕರು ತಾವು ಬಾಲ್ಯದಲ್ಲಿ ‘ಹೊಂದಿಕೊಂಡದ್ದು’ ನಿಜವಾಗಿ ಬಚ್ಚಿಟ್ಟುಕೊಂಡದ್ದು ಎಂದು ಬರೆಯುತ್ತಿದ್ದಾರೆ. ಆ ಬಚ್ಚಿಡುವಿಕೆ ದೊಡ್ಡವರಾದ ಮೇಲೆ ಆತಂಕವಾಗಿ, ತೀರಾ ಬಳಲಿಕೆಯಾಗಿ ಹೊರಬರುತ್ತದೆ ಎನ್ನುತ್ತಾರೆ. ಅವರ ಮಾತಿಗೆ ನಾವು ಕಿವಿಗೊಡಬೇಕು. ನಾವು ಪುಟ್ಟವರಿಗೆ ಮಾಡುತ್ತಿರುವುದರ ಫಲ ಉಂಡು ಬಲ್ಲವರು ಅವರು.

2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಆಟಿಸ್ಟಿಕ್ ಸಂಶೋಧಕರು, ಆಟಿಸಂ ಇರುವವರಿಗೂ ಇಲ್ಲದವರಿಗೂ ನಡುವಿನ ಅಪಾರ್ಥ ಎರಡೂ ಕಡೆಯಿಂದ ಹುಟ್ಟುವಂಥದ್ದು ಎಂದು ವಾದಿಸಿದರು. ಬಿಗಿತದ ವಿಷಯದಲ್ಲೂ ನನಗೆ ಹಾಗೇ ಕಾಣುತ್ತದೆ. ಒಂದು ಶಾಲೆಯಲ್ಲಿ, ಪೆನ್ನಿನ ಗೀರು ಸದ್ದು ತಾಳದ ಹುಡುಗ ಪೆನ್ಸಿಲಿನಲ್ಲೇ ಬರೆಯುತ್ತೇನೆಂದು ಕೇಳಿಕೊಂಡ. ಈ ತರಗತಿಯಿಂದ ಎಲ್ಲರೂ ಪೆನ್ನಿನಲ್ಲೇ ಬರೆಯಬೇಕು, ನಿಯಮ ಎಂದರೆ ನಿಯಮ ಎಂದರು. ವಾರಗಟ್ಟಲೆ ಅವನು ಏನೂ ಬರೆಯಲಿಲ್ಲ. ವರದಿಯಲ್ಲಿ ಅವನಿಗೆ ಹೊಂದಾಣಿಕೆಯ ಕೊರತೆ ಎಂದು ನಮೂದಾಯಿತು. ಮಕ್ಕಳು ಮಾಡಲು ಆದರೆ ಮಾಡಿಯೇ ಮಾಡುತ್ತಾರೆ, ಮಾಡುತ್ತಿಲ್ಲವೆಂದರೆ ಏನೋ ಅಡ್ಡಿಯಿದೆ ಎಂಬ ನಿಲುವಿನಿಂದ ಹೊರಟ ಅಮೆರಿಕದ ಮನೋವಿಜ್ಞಾನಿ ರಾಸ್ ಗ್ರೀನ್, ಮಗುವಿನ ತೊಂದರೆಯನ್ನು ಮೊದಲು ಕೇಳಿ, ದೊಡ್ಡವರ ಕಾಳಜಿಯನ್ನೂ ಮುಂದಿಟ್ಟು, ಇಬ್ಬರೂ ಕೂಡಿ ಪರಿಹಾರ ಹುಡುಕುವ ಕ್ರಮವನ್ನು ರೂಪಿಸಿದ್ದಾರೆ. ಆ ಶಾಲೆಯಲ್ಲಿ ಯಾರಾದರೂ ಹಾಗೆ ಕೂತು ಕೇಳಿದ್ದರೆ ಸದ್ದು ಮಾಡದ ಮೆತ್ತನೆಯ ತುದಿಯ ಪೆನ್ನೊಂದು ಸಿಗುತ್ತಿತ್ತು. ಬೇರೆಯವರ ಅಡಚಣೆ ಕೇಳಿ ತನ್ನ ನಿಲುವು ಬದಲಿಸಿಕೊಳ್ಳುವ ದೊಡ್ಡವರನ್ನು ನೋಡಿಯೇ ಇರದ ಮಗು ಅದನ್ನು ಎಲ್ಲಿಂದ ಕಲಿಯಬೇಕು?

ಪ್ರಗತಿ ಆಗುತ್ತಿದೆಯೇ ಎಂದು ತಿಳಿಯುವುದು ಹೇಗೆ ಎಂದು ಪೋಷಕರು ಕೇಳುತ್ತಾರೆ. ಇವತ್ತು ಅತ್ತನೋ ಇಲ್ಲವೋ ಎಂದು ಬರೆದಿಡಬೇಡಿ ಎನ್ನುತ್ತೇನೆ. ಅತ್ತ ಮೇಲೆ ತನ್ನ ಕೆಲಸಕ್ಕೆ ಮರಳಲು ಎಷ್ಟು ಹೊತ್ತು ಹಿಡಿಯಿತು, ಏನು ನೆರವಾಯಿತು, ಹಿಂದಿನ ರಾತ್ರಿ ಸರಿಯಾಗಿ ಮಲಗಿದ್ದನೇ ಎಂಬುದನ್ನು ಬರೆಯಿರಿ. ಮೊದಲು ಕುಗ್ಗುವುದು ಆ ಮರಳುವ ಹೊತ್ತು. ಬಹಳ ಮಕ್ಕಳಲ್ಲಿ ಅಳು ಹಾಗೇ ಇರುವಾಗಲೇ ಮರಳುವುದು ಚುರುಕಾಗಿರುತ್ತದೆ, ಬರೆದಿಡದಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. ಮುಂದೆ ಒಂದು ದಿನ ಮಗು ಆಟದ ಕಾಯಿಗಳನ್ನು ತಳ್ಳುವ ಬದಲು ‘ಇವತ್ತು ಬೇಡ, ನಾಳೆ ಹೊಸ ರೂಲ್ ಹಾಕಿ ಆಡೋಣ’ ಎನ್ನಬಹುದು. ಅದು ಇನ್ನೂ ‘ಬೇಡ’ ಅಲ್ಲವೇ, ಒಪ್ಪಲಿಲ್ಲವಲ್ಲ ಎಂದು ಕೆಲವರಿಗೆ ನಿರಾಸೆ. ನಾನು ಅದನ್ನು ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆಯಲು ಹೇಳುತ್ತೇನೆ, ದಿನಾಂಕದ ಸಮೇತ. ಮತ್ತು ಮಾರನೆಯ ದಿನ ಮರೆಯದೆ ಆ ಹೊಸ ರೂಲ್ ಹಾಕಿ ಆಡಲು ಹೇಳುತ್ತೇನೆ, ಮಗು ಕೊಟ್ಟ ಅವಧಿಗೆ ಸರಿಯಾಗಿ.